ಎಡದಿಂದ ಮೂರನೆಯದು ನೀಲಿ

ಅಮೆರಿಕದ ಮೆಟುಚೆನ್ ಊರಿನ ನಮ್ಮ ಪಕ್ಕದ ಮನೆಯಲ್ಲಿ ಇಂಗ್ಲೆಂಡಿನ ವೃದ್ಧೆಯೊಬ್ಬರು ಚಿತ್ರ ಬರೆಯುತ್ತಿದ್ದರು. ಅವರ ಹೆಸರು ಕೇಳಿದವರು ಕಡಿಮೆ. ಹುಟ್ಟೂರಿನ ಪುಟ್ಟ ಮ್ಯೂಸಿಯಮ್ಮಿನಲ್ಲಿ ಎರಡು ಚಿತ್ರಗಳಿವೆಯಂತೆ, ಒಂದು ಮೆಟ್ಟಿಲ ಕೆಳಗೆ. "ಪೊರಕೆಗೆ ಜೊತೆ ಬೇಕಲ್ಲ" ಎಂದು ಅವರೇ ನಗುತ್ತಿದ್ದರು. ಮದುವೆಯಾಗಿ ಇಲ್ಲಿಗೆ ಬಂದು ಅರ್ಧ ಆಯಸ್ಸು ಕಳೆದರೂ ಅಮೆರಿಕವನ್ನು ಒಮ್ಮೆಯೂ ಬರೆದವರಲ್ಲ. ಮಹಡಿಯ ಕಿಟಕಿಯಿಂದ ಕಾಣುವುದು ರೈಲು ಹಳಿ. ಕ್ಯಾನ್ವಾಸಿನ ಮೇಲೆ ಏಳುವುದು ಅವರೂರಿನ ಮೀನುಗಾರರ ಬಂದರು, ಬೂದು ಬೆರೆತ ನೀಲಿ ಸಮುದ್ರ.

ಆ ನೀಲಿ ಅವರಿಗೆ ಕಾಣುವುದು ನಿಂತುಹೋಗಿತ್ತು. ಕಣ್ಣಿನ ಡಾಕ್ಟರ ಬಳಿಗೆ ಡ್ರೈವ್ ಮಾಡುತ್ತಿದ್ದವನು ನಾನಾದ್ದರಿಂದ ಅದು ನನಗೊಬ್ಬನಿಗೇ ಗೊತ್ತು. ಆಕಾರ ಮಸುಕಾಗಿ ಕಾಣುತ್ತಿತ್ತು, ಟ್ಯೂಬಿನ ಮೇಲಿನ ಅಕ್ಷರ ಕಾಣುತ್ತಿರಲಿಲ್ಲ, ಬಣ್ಣವೆಲ್ಲ ಬೂದಿ. ಮಾರಿಸ್‌ಟೌನಿನಲ್ಲಿದ್ದ ಮಗಳು ಮೊದಲೇ ಹೇಳಿಬಿಟ್ಟಿದ್ದಳು: ಕಣ್ಣು ಕೈಕೊಟ್ಟ ದಿನ ಈ ಮನೆ ಮಾರುವುದು, ಅಮ್ಮ ಮನ್ರೋದ ವೃದ್ಧರ ವಸತಿಗೆ ಹೋಗುವುದು. ಅಲ್ಲಿ ಎಣ್ಣೆಬಣ್ಣ, ಅದನ್ನು ಕರಗಿಸುವ ಟರ್ಪೆಂಟೈನ್ ಒಳಗೆ ಬಿಡುವುದಿಲ್ಲ. "ನನ್ನನ್ನು ಬಿಟ್ಟುಕೊಡಬೇಡ" ಎಂದಿದ್ದರು. ಹೂಂ ಎಂದಿದ್ದೆ.

ಅವರ ಉಪಾಯ ಸರಳ. ಕಿಟಕಿಯ ಕಟ್ಟೆಯ ಮೇಲೆ ಟ್ಯೂಬುಗಳ ಸಾಲು: ಎಡತುದಿಗೆ ಬಿಳಿ, ಆಮೇಲೆ ಹಳದಿ, ಮೂರನೆಯದು ನೀಲಿ, ಅದರಾಚೆ ಕೆಂಪು, ಕೊನೆಗೆ ಕಪ್ಪು. ಅಡುಗೆಮನೆಯ ಕತ್ತಲಲ್ಲಿ ಉಪ್ಪಿನ ಡಬ್ಬಕ್ಕೆ ಕೈ ಹೋದಂತೆ ಅವರ ಕೈ ಹೋಗುತ್ತಿತ್ತು.

ಆ ದಸರಾಕ್ಕೆ ಮೈಸೂರಿನಿಂದ ನಮ್ಮತ್ತೆ ಬಂದಿದ್ದರು. ಆಯುಧಪೂಜೆಯ ದಿನ ನಮ್ಮ ಕಾರು, ಲ್ಯಾಪ್‌ಟಾಪು, ಮಿಕ್ಸಿ ಎಲ್ಲಕ್ಕೂ ಕುಂಕುಮವಾಯಿತು. ನಾನು ಕೆಲಸಕ್ಕೆ ಹೋದಮೇಲೆ ಚೆಂಡುಹೂವಿನ ತಟ್ಟೆ ಹಿಡಿದು ಪಕ್ಕದ ಮನೆಗೂ ಹೋಗಿಬಂದರು.

ಸಂಜೆ ಬಲು ಹಿಗ್ಗಿನಿಂದ ಹೇಳಿದರು: "ಪಾಪ, ಆಕೆ ಆಯುಧಗಳಿಗೆ ಯಾರು ಪೂಜೆ ಮಾಡ್ತಾರೆ ಹೇಳಿ ಅಳಿಯಂದ್ರೇ? ಆಕೆ ಟೀ ಮಾಡೋಕೆ ಕೆಳಗೆ ಹೋದ್ರು. ಅಷ್ಟರಲ್ಲಿ ಟ್ಯೂಬೆಲ್ಲ ಒರೆಸಿ, ಕುಂಕುಮ ಇಟ್ಟು, ದೊಡ್ಡವು ಮೊದಲು, ಚಿಕ್ಕವು ಆಮೇಲೆ, ನಮ್ಮ ಮಸಾಲೆ ಡಬ್ಬದ ಥರ ಜೋಡಿಸಿಟ್ಟೆ. ಕೈ ಮುಗಿದ್ರು ನಂಗೆ!"

ನನ್ನ ಕೈಯ ಕಾಫಿ ಲೋಟ ಅಲ್ಲೇ ನಿಂತಿತು. ಮುಚ್ಚಿಟ್ಟ ಮಾತು ಮಡಕೆಯೊಳಗಿನ ಚೇಳು, ಯಾರ ಕೈಗೆ ಕುಟುಕುತ್ತದೋ ಗೊತ್ತಾಗುವುದಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದರು.

ಓಡಿದೆ. ಮಹಡಿಯಲ್ಲಿ ಅವರು ಕುಂಚ ತೊಳೆಯುತ್ತ ಕೂತಿದ್ದರು. ಕಿಟಕಿಯಾಚೆ ರೈಲು ಹೋದಾಗ ಗಾಜು ಅದುರಿತು.

"ಇವತ್ತು ಕೈ ಚೆನ್ನಾಗಿ ನಡೀತು ಡಿಯರ್. ಸಮುದ್ರ ಹೇಗಿದೆ?"

ಸಮುದ್ರ ಕೆಂಪಾಗಿತ್ತು. ದೋಣಿಗಳು, ಕಟ್ಟೆ, ಅಲೆಯ ಅಂಚು, ಎಲ್ಲ ಬಂದರಿನದೇ. ನೀರು ಮಾತ್ರ ಕೊಯ್ದ ಗಾಯದ ಹಾಗೆ. ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ.

"ಕೆಂಪು" ಎಂದೆ.

ಅವರು ಕುಂಚ ಒರೆಸಿ ಪಕ್ಕಕ್ಕಿಟ್ಟರು. ಆಮೇಲೆ, "ಭಾನುವಾರ ಮಗಳು ಬರ್ತಾಳೆ" ಎಂದರು.

ಕೆರೆದೆವು, ಒರೆಸಿದೆವು, ಮೇಲೆ ಬಿಳಿ ಬಳಿದೆವು. ಹಸಿ ಎಣ್ಣೆಬಣ್ಣ ಬಿಳಿಯನ್ನೂ ನುಂಗಿ ಗುಲಾಬಿಯಾಗಿ ಮೇಲೆದ್ದಿತು. ಟ್ಯೂಬುಗಳನ್ನು ಹಳೆಯ ಸಾಲಿಗೇ ಜೋಡಿಸಿ ಬಂದೆ. ಅಷ್ಟೇ ನನ್ನಿಂದಾದದ್ದು.

ಭಾನುವಾರ ಮಗಳು ಬಂದಳು. ನನ್ನನ್ನೂ ಟೀಗೆ ಕರೆದಿದ್ದರು. ಅವಳು ಕೋಟು ಕೂಡ ಬಿಚ್ಚದೆ ಚಿತ್ರದ ಮುಂದೆ ನಿಂತಳು.

"ಮಮ್, ನಿನ್ನ ಸಮುದ್ರ ಯಾವಾಗಿಂದ ಗುಲಾಬಿ?"

"ಈ ವಯಸ್ಸಲ್ಲಿ ಕೂದಲಿಗೆ ಬಣ್ಣ ಹಾಕಿದ್ರೆ ನಗ್ತಾರೆ. ಸಮುದ್ರಕ್ಕೆ ಹಾಕ್ದೆ."

ಮಗಳು ನಕ್ಕಳು. ನಾನೂ ನಕ್ಕೆ, ಅಗತ್ಯಕ್ಕಿಂತ ಜೋರಾಗಿ.

"ನಿನ್ನ ಆ ಹಳೇ ನೀಲಿ ಎಲ್ಲಿ? ಕೊಡು, ನೋಡ್ತೀನಿ."

ಅವರ ಕೈ ನೆಟ್ಟಗೆ ಮೂರನೆಯ ಟ್ಯೂಬಿಗೆ ಹೋಯಿತು. ನೀಲಿಯೇ. ನಾನು ಉಸಿರು ಬಿಟ್ಟೆ. ಮಗಳು ಅದನ್ನು ತಿರುಗಿಸಿ ನೋಡಿದಳು. ಮುಚ್ಚಳದ ಮೇಲೆ ಅತ್ತೆಯ ಕುಂಕುಮದ ಚುಕ್ಕೆ ಇನ್ನೂ ಇತ್ತು. ಕಿಟಕಿಯಾಚೆ ನೋಡುತ್ತ, ಸದ್ದಾಗದಂತೆ, ಟ್ಯೂಬನ್ನು ಸಾಲಿನ ಕೊನೆಗೆ ಕಪ್ಪಿನ ಪಕ್ಕದಲ್ಲಿಟ್ಟಳು. ನಾನು ಕೆಮ್ಮಬಹುದಿತ್ತು, ಲೋಟ ಬೀಳಿಸಬಹುದಿತ್ತು. ಅವಳು ನನ್ನ ಕಡೆಗೊಮ್ಮೆ ನೋಡಿದಳು. ಅವಳ ಕಣ್ಣು ತುಂಬಿತ್ತು.

"ಅಲ್ಲೇ ಇಟ್ಟೆ ಮಮ್. ಇನ್ನೊಂದ್ಸಲ ಕೊಡ್ತೀಯಾ, ಆ ನೀಲಿ?"

"ಬೇಜಾರಿಲ್ದೆ ಎಷ್ಟು ಸಲ ಕೇಳ್ತೀಯೇ" ಎನ್ನುತ್ತ ಅವರು ಕೈ ಚಾಚಿದರು. ಬಿಳಿ ದಾಟಿತು, ಹಳದಿ ದಾಟಿತು. ಬೆರಳುಗಳು ಖಾಲಿ ಜಾಗಕ್ಕೆ ಬಂದು, ಬರಿಯ ಮರವನ್ನು ಮೆಲ್ಲನೆ ತಡವುತ್ತ ನಿಂತವು.