ಅರ್ಧರ್ಧ ತಿಕ್ಕಿದ ಹಂಡೆ

ಇವತ್ತು ಬೆಳಿಗ್ಗೆ ನಮ್ಮ ಅಂಗಳಕ್ಕೆ ಹಂಡೆ ಬಂತು. ಕುಮಟೆಯಿಂದ ಲಗೇಜ್ ರಿಕ್ಷಾದಲ್ಲಿ, ಗೋಣಿ ಹೊದ್ದುಕೊಂಡು, ಮದುಮಗಳ ಹಾಗೆ ಬಂತು. ಗೋಣಿ ಬಿಚ್ಚಿದರೆ ಒಳಗಿದ್ದದ್ದು ಮದುಮಗಳಲ್ಲ, ಮಸಿ ಮೆತ್ತಿದ ಎಮ್ಮೆ. ಆದರೂ ನನಗೆ ಕುಣಿಯುವಷ್ಟು ಖುಷಿ. ಮೊಣಕಾಲು ಬಿಡಲಿಲ್ಲ, ಇಲ್ಲದಿದ್ದರೆ ಕುಣಿದೇ ಬಿಡುತ್ತಿದ್ದೆ.

ರಿಕ್ಷಾದವನು, "ಎಂತ ಅಮ್ಮ, ಗುಜರಿಗೆ ಹಾಕೂದಾ?" ಎಂದ.

"ನಿನ್ನ ರಿಕ್ಷಾನೇ ಗುಜರಿಗೆ ಹಾಕ್ತೆ. ಸುಮ್ನೆ ಇಳಿಸು."

ಅವನಿಗೇನು ಗೊತ್ತು? ಈ ತಾಮ್ರದ ಹಂಡೆಗಾಗಿ ನಾನು ಅರ್ಧ ಆಯುಷ್ಯ ಕಾದಿದ್ದೇನೆ. ನೀವು ನಗಬೇಡಿ. ಕೆಲವರು ಬಂಗಾರಕ್ಕೆ ಕಾಯುತ್ತಾರೆ. ಬಂಗಾರದಲ್ಲಿ ಸ್ನಾನದ ನೀರು ಕಾಯುವುದಿಲ್ಲ.

ಕಾಯ್ಕಿಣಿಯ ಈ ಮನೆಗೆ ಸೊಸೆಯಾಗಿ ಬಂದಾಗ ಇಲ್ಲಿ ಅತ್ತೆ ಇದ್ದರು, ಭಾವ ಇದ್ದರು, ಭಾವನ ಹೆಂಡತಿ ದೇವಕ್ಕ ಇದ್ದಳು. ದೇವಕ್ಕ ಮಿರ್ಜಾನದವಳು. ಹೊಳೆ ಬದಿಯ ಹೆಣ್ಣು, ಬಾಯಿ ಹೊಳೆಗಿಂತ ಅಗಲ. ನನ್ನ ಬಾಯಿಯೂ ಚಿಕ್ಕದಲ್ಲ. ಹಾಗಾಗಿ ಬೇಗನೆ ಒಂದು ಮನೆಯಲ್ಲಿ ಎರಡು ಒಲೆ ಉರಿಯತೊಡಗಿದವು. ಪಾತ್ರೆ ಹಂಚಿದೆವು, ಮಣೆ ಹಂಚಿದೆವು, ಕೋಳಿಗಳನ್ನೂ ಹಂಚಿದೆವು. ಕೋಳಿಗಳು ಒಪ್ಪಲಿಲ್ಲ, ಮನಸ್ಸು ಬಂದ ಕಡೆ ಮೊಟ್ಟೆ ಇಟ್ಟವು. ಉಳಿದದ್ದು ಹಂಡೆ ಒಂದೇ. ಅದನ್ನು ಕೊಯ್ದು ಹಂಚಲಿಕ್ಕೆ ಆಗುತ್ತದೆಯೇ?

ದೀಪಾವಳಿಯ ನೀರು ತುಂಬುವ ಹಬ್ಬ ಬಂತು. ಆ ಸಂಜೆ ಹಂಡೆಗೆ ಬಾವಿ ನೀರು ತುಂಬಿ, ಕೊರಳಿಗೆ ಹಿಂಡಲಕಾಯಿ ಬಳ್ಳಿ ಕಟ್ಟಿ, ಮೈಗೆ ಶೇಡಿಮಣ್ಣಿನ ಬಿಳಿ ಗೆರೆ ಎಳೆಯುವುದು ನಮ್ಮ ಕಡೆಯ ಪದ್ಧತಿ. ಅದಕ್ಕೂ ಮೊದಲು ತಿಕ್ಕಬೇಕಲ್ಲ. ಅತ್ತೆ ಜಗಲಿಯಲ್ಲಿ ಕೂತು ಎಲೆಯಡಿಕೆಯ ಕವಳ ಹಾಕುತ್ತಾ ತೀರ್ಪು ಕೊಟ್ಟರು:

"ಆಚೆ ಅರ್ಧ ಅವ್ಳು ತಿಕ್ಕಲಿ, ಈಚೆ ಅರ್ಧ ನೀನು ತಿಕ್ಕು. ಯಾರ ಬದಿ ಹೆಚ್ಚು ಹೊಳಿತದೋ ಅವ್ರಿಗೆ ಹಂಡೆ. ಆತಾ?"

"ಆತು!" ಎಂದೆವು ಇಬ್ಬರೂ, ಒಂದೇ ಉಸಿರಿಗೆ. ನಾವು ಒಟ್ಟಿಗೆ ಒಪ್ಪಿದ ಮಾತು ಬಹುಶಃ ಅದೊಂದೇ.

ಈಗಿನವರಿಗೆ ತಿಕ್ಕುವುದು ಎಂದರೆ ಅಂಗಡಿಯ ಪುಡಿ, ಬ್ರಷ್ಷು. ತಾಮ್ರಕ್ಕೆ ಬೇಕಾದದ್ದು ಹುಳಿ, ಉಪ್ಪು ಮತ್ತು ಸಿಟ್ಟು. ಮೊದಲಿನ ಎರಡು ಅಡುಗೆಮನೆಯಲ್ಲಿ ಸಿಗುತ್ತವೆ, ಮೂರನೆಯದನ್ನು ವಾರಗಿತ್ತಿ ಕೊಡುತ್ತಾಳೆ. ಹುಳಿಗೆಂದು ದೇವಕ್ಕ ಒಣ ಮುರುಗಲ ಸಿಪ್ಪೆ ನೆನೆಸಿಟ್ಟಿದ್ದಳು. ನಾನು ಹಿತ್ತಲಿನ ಬಿಂಬಲಕಾಯಿ ಜಜ್ಜಿ ತಂದೆ. ತೆಂಗಿನ ಸಿಪ್ಪೆ ಹಿಡಿದು ಇಬ್ಬರೂ ಕಚ್ಚೆ ಕಟ್ಟಿದೆವು. ಬಿಂಬಲದ ರಸ ತಾಗಿದ ಕಡೆ ತಾಮ್ರ ಹೇಗೆ ಕೆಂಪಗೆ ಏಳುತ್ತದೆ ಎನ್ನುವುದನ್ನು ನೀವು ನೋಡಬೇಕು, ಬೆಳಗಿನ ಆಕಾಶವೂ ಅಷ್ಟು ಬೇಗ ಕೆಂಪಾಗುವುದಿಲ್ಲ. ಬೆರಳಿನ ಗಾಯಗಳೆಲ್ಲ ಚುರುಗುಟ್ಟಿದವು. ಬಿಟ್ಟರೆ ಕೇಳಿ!

ಹಂಡೆಯ ಆಚೆಯಿಂದ ದೇವಕ್ಕ ಹಾಡು ಕಟ್ಟಿದಳು:

"ಚಿಕ್ಕ ಸೊಸೆ ಕೈ ಎಂತಾ ಕೈ, ಕೆಸುವಿನ ಸೊಪ್ಪೂ ಹಿಸುಕದ ಕೈ!"

"ಅಕ್ಕೋ, ಹಾಡಿಗೆ ಹಂಡೆ ಹೊಳೂದಿಲ್ಲ. ಕೈ ಆಡ್ಸು!"

"ನಂದು ಆಗ್ಲೇ ಮುಖ ಕಾಣ್ತದೆ ಹೆಣೆ."

"ನಿನ್ನ ಮುಖ ಕಂಡ್ರೆ ಹಂಡೆ ಮತ್ತೆ ಕಪ್ಪಾತದೆ!"

ಹೊತ್ತು ನೆತ್ತಿಗೆ ಬಂತು. ಅತ್ತೆ ಎದ್ದು ಬಂದರು, ಸುತ್ತ ಒಂದು ಸುತ್ತು ಹಾಕಿದರು. ಎರಡು ಬದಿಯೂ ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ಆದರೆ ನಡುವೆ, ಬಾಯಿಯಿಂದ ತಳಕ್ಕಿಳಿದು ಆಚೆಯಿಂದ ಮತ್ತೆ ಬಾಯಿಗೆ ಹತ್ತುವಂತೆ, ಅಂಗೈ ಅಗಲದ ಕಪ್ಪು ಪಟ್ಟೆ ಹಾಗೆಯೇ ಉಳಿದಿತ್ತು. ಎದುರಾಳಿಯ ಬದಿಗೆ ಪುಕ್ಕಟೆ ಹೊಳಪು ಯಾಕೆ ಎಂದು ಇಬ್ಬರೂ ಗಡಿ ಮುಟ್ಟಿರಲಿಲ್ಲ.

"ಈ ಪಟ್ಟೆ ಯಾರದ್ದೇ?" ಎಂದರು ಅತ್ತೆ.

ನಾನು ದೇವಕ್ಕನನ್ನು ತೋರಿಸಿದೆ. ದೇವಕ್ಕ ನನ್ನನ್ನು ತೋರಿಸಿದಳು.

"ಇಬ್ರದ್ದೂ ಅಲ್ಲ ಅಂದ್ರೆ ನಂದು. ಪಟ್ಟೆ ನಂದಾದ್ರೆ ಹಂಡೆನೂ ನಂದು. ನೀರು ತುಂಬಿ ಇಬ್ರೂ!"

ಮುಗಿಯಿತು. ಮುದುಕಿ ಸಾಯುವವರೆಗೂ ಅದರಲ್ಲಿ ಮಿಂದಳು, ನಾವು ಸರದಿಯ ಮೇಲೆ ನೀರು ಹೊತ್ತೆವು. ಅತ್ತೆ ಹೋದ ಮೇಲೆ ಭಾವ ಕುಮಟೆಯಲ್ಲಿ ಮನೆ ಕಟ್ಟಿದರು. ಹಿರಿಸೊಸೆ ತಾನೆಂದು ದೇವಕ್ಕ ಹಂಡೆಯನ್ನು ಹೊರಿಸಿಕೊಂಡು ಹೋದಳು. ನನಗೊಂದು ಮಾತೂ ಕೇಳಲಿಲ್ಲ. ನಾನು ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರು ಕಾಯಿಸಿಕೊಂಡು, ಪ್ರತಿ ದೀಪಾವಳಿಗೂ ಅವಳಿಗೆ ಶಾಪ ಹಾಕಿದೆ. ಶಾಪ ತಾಗಲಿಲ್ಲ, ಗಟ್ಟಿಯಾಗಿದ್ದಾಳೆ.

ಮೊನ್ನೆ ಅವಳದೇ ಫೋನು. "ಮಗ ಬಚ್ಚಲಿಗೆ ಗ್ಯಾಸಿನ ಮಷೀನು ಹಾಕ್ಸಿದ. ಹಂಡೆ ಕಳಿಸ್ತೆ, ಇಟ್ಕ ಮಾರಾಯ್ತಿ."

ಅದೇ ಹಂಡೆ ಈಗ ನನ್ನ ಅಂಗಳದಲ್ಲಿ. ಸೊಸೆ ಸಹಾಯಕ್ಕೆ ಬಂದಳು, ಓಡಿಸಿದೆ. ಬಿಂಬಲ ಜಜ್ಜಿ, ಚಿಕ್ಕ ಮಣೆ ಹಾಕಿ ಕೂತೆ. ಒಂದು ಬದಿ ಹೊಳೆಯಿತು. ತಿರುಗಿಸಿದೆ, ಇನ್ನೊಂದು ಬದಿಯೂ ಹೊಳೆಯಿತು. ತಡೆಯುವವರಿಲ್ಲ, ಗಡಿಯಿಲ್ಲ. ಇಷ್ಟು ವರ್ಷ ಬೇಕೆಂದದ್ದು ಪೂರ್ತಿ ಕೈಗೆ ಬಂದಿದೆ, ಆದರೆ ಆಚೆ ಬದಿಯಲ್ಲಿ ಬೈಯಲಿಕ್ಕೆ ಒಂದು ಜನವಿಲ್ಲ. ಉಪ್ಪಿಲ್ಲದ ಸಾರು ಉಂಡ ಹಾಗಾಯಿತು.

ಹುಳಿ ಕೈಯಲ್ಲೇ ಫೋನು ಹಚ್ಚಿದೆ.

"ಅಕ್ಕಾ, ಹಂಡೆ ನೋಡೂಕೆ ಬಾ."

"ನಾ ನೋಡದ ಹಂಡೆಯಾ ಅದು?"

"ನೀ ನೋಡಿದ್ದು ಮಸಿ. ತಾಮ್ರ ಈಗ ಕಾಣ್ತಿದೆ."

"ಎಂತದ್ರಲ್ಲಿ ತಿಕ್ದೆ?"

"ಬಿಂಬಲದಲ್ಲಿ."

"ಅಯ್ಯೋ ಪಾಪಿ, ನಾಳೆಗೇ ಕಪ್ಪಾತದೆ! ಮುಟ್ಬೇಡ, ಹಾಗೇ ಇರಲಿ. ಮುರುಗಲ ಸಿಪ್ಪೆ ಹಿಡ್ಕಂಡು ಸಂಜೆ ಬಸ್ಸಿಗೆ ಬತ್ತೆ."

ಬರಲಿ. ಅವಳ ತಲೆಗೆ ಹಚ್ಚಲು ಎಣ್ಣೆ ತೆಗೆದಿಟ್ಟಿದ್ದೇನೆ. ನಾಳೆ ನಸುಕಿಗೆ ಅವಳನ್ನು ಬಚ್ಚಲಲ್ಲಿ ಕೂರಿಸಿ, ಮೊದಲ ಚೊಂಬು ನೀರು ನಾನೇ ಅವಳ ತಲೆಗೆ ಹೊಯ್ಯುವವಳು. ಬಿಸಿ ಒಂದಿಷ್ಟು ಹೆಚ್ಚಾದರೆ ಅದು ನನ್ನ ತಪ್ಪಲ್ಲ. ಚೆನ್ನಾಗಿ ತಿಕ್ಕಿದ ತಾಮ್ರದಲ್ಲಿ ನೀರು ಬೇಗ ಕಾಯುತ್ತದೆ.