ಬೋರಲು ಹಾಕಿದ ತೆಪ್ಪಗಳು

‘ಹೊರಾಂಗಣ ವಿಹಾರ ಆರ್ಥಿಕತೆ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ಈಗಲೂ ಮೈ ಉರಿಯುತ್ತದೆ. ನಾನು ಬೆಳೆದದ್ದು ದೋಣಿಮಲೈನ ಗಣಿ ಕ್ವಾರ್ಟರ್ಸ್‌ನಲ್ಲಿ. ಅಪ್ಪನಿಗೆ ರಜೆ ಇದ್ದ ದಿನ ರೊಟ್ಟಿ ಬುತ್ತಿ ಕಟ್ಟಿಕೊಂಡು ಸಂಡೂರಿನ ಗುಡ್ಡ ಹತ್ತುತ್ತಿದ್ದೆವು. ಸಂಜೆ ಕೆಂಪು ಧೂಳು ಮೆತ್ತಿದ ಕಾಲು ತೊಳೆಯದೆ ಒಳಗೆ ಬಂದರೆ ಅವ್ವ ಬೈಯುತ್ತಿದ್ದಳು. ಇದೊಂದು ಆರ್ಥಿಕತೆ ಎಂದು ನಮಗೆ ಯಾರೂ ಹೇಳಿರಲಿಲ್ಲ.

ಮದುವೆಯಾಗಿ ಬಂದದ್ದು ಕಡ್ಡಿರಾಂಪುರಕ್ಕೆ. ಬಾಳೆತೋಟದ ಅಂಚಿಗೆ ಮೂರು ಕೋಣೆ ಕಟ್ಟಿ ಹೋಂಸ್ಟೇ ಮಾಡಿದೆವು. ಹಂಪಿ ನೋಡಿ ದಣಿದ ಅತಿಥಿಗಳನ್ನು ನಾನು ಕಂಪ್ಲಿ ಕಡೆಯ ಒಂದು ಹೊಳೆದಂಡೆಗೆ ಕರೆದೊಯ್ಯುತ್ತಿದ್ದೆ. ಅಲ್ಲಿ ಹನ್ನೊಂದು ಅಂಬಿಗರ ಮನೆಗಳು, ಹನ್ನೊಂದು ತೆಪ್ಪ. ಬಿದಿರು ಹೆಣೆದು ಟಾರು ಬಳಿದ ದುಂಡನೆಯ ತೆಪ್ಪಗಳು. ಅಲ್ಲಿನ ಹಿರಿಯರೊಬ್ಬರನ್ನು ನಾನು ತಾತ ಎನ್ನುತ್ತಿದ್ದೆ. ಎಪ್ಪತ್ತರ ಮೇಲೆ ವಯಸ್ಸಾಗಿದ್ದರೂ ಹುಟ್ಟು ಹಾಕುವಾಗ ಅವರ ಉಸಿರು ಏರುತ್ತಿರಲಿಲ್ಲ.

ಒಂದು ದಿನ ಹೊಸಪೇಟೆಯ ಹೋಟೆಲೊಂದರಲ್ಲಿ ‘ಹೊರಾಂಗಣ ವಿಹಾರ ಆರ್ಥಿಕತೆ’ಯ ಸಭೆ ಎಂದು ಕರೆ ಬಂತು. ರಾಜ್ಯದ ಎಲ್ಲ ಜಿಲ್ಲೆಗಳಲ್ಲೂ ಬೆಟ್ಟ ಹತ್ತಿಸುವವರು, ದೋಣಿ ನಡೆಸುವವರು, ಸೈಕಲ್ ಬಾಡಿಗೆ ಕೊಡುವವರು, ಹೋಂಸ್ಟೇಯವರು, ಜೊತೆಗೆ ದೊಡ್ಡ ಕಂಪನಿಗಳು, ಎಲ್ಲರನ್ನೂ ಒಂದೇ ಸಹಭಾಗಿತ್ವಕ್ಕೆ ತರುವ ಯೋಜನೆಯಂತೆ. ನನ್ನ ಕೊರಳಿಗೆ ‘ಸ್ಥಳೀಯ ಪಾಲುದಾರರು’ ಎಂಬ ಬಿಲ್ಲೆ ಹಾಕಿದರು. ನಾನು ಉಬ್ಬಿಹೋದೆ. ಸುಳ್ಳು ಯಾಕೆ ಹೇಳಲಿ, ಆ ಬಿಲ್ಲೆಯನ್ನು ಮನೆಗೆ ಬಂದಮೇಲೂ ಬಹಳ ಹೊತ್ತು ತೆಗೆದಿರಲಿಲ್ಲ.

ಮರುದಿನವೇ ದಂಡೆಗೆ ಹೋಗಿ ಅಂಬಿಗರಿಗೆಲ್ಲ ಹೇಳಿದೆ: “ಈ ಯೋಜನೆ ಪಟ್ಟಿಯಾಗ ನಿಮ್ಮ ತೆಪ್ಪ ಸೇರಿದ್ರ ಈ ದಂಡಿ ನಿಮ್ದು. ಯಾರೂ ಎಬ್ಬಿಸಂಗಿಲ್ಲ. ಸೇರ್ಲಿಲ್ಲ ಅಂದ್ರ ನಾಳೆ ಇನ್ಯಾರಿಗೋ ಕೊಡ್ತಾರ.” ಅವರಿಗೆ ನಂಬಿಕೆ ಇರಲಿಲ್ಲ. ತಾತ ಮಾತ್ರ, “ಈಕಿ ಓದಿದಾಕಿ, ನಮ್ಮ ಕೆಟ್ಟದ್ದು ಬಯಸಾಕಿ ಅಲ್ಲ” ಎಂದರು. ಆ ಒಂದು ಮಾತಿನ ಮೇಲೆ ಹನ್ನೊಂದು ಮನೆಯವರೂ ಒಪ್ಪಿದರು. ತೆಪ್ಪಗಳನ್ನು ನೋಡಿ ನೋಂದಾಯಿಸಲು ರಾಜ್ಯದ ತಂಡ ಬರುವ ದಿನ ಗೊತ್ತಾಯಿತು.

ತಂಡ ಬರುವ ಹಿಂದಿನ ದಿನ ತಾತನ ತೊಂಬತ್ತು ದಾಟಿದ ತಾಯಿ ತೀರಿಕೊಂಡಳು.

ಆ ದಂಡೆಯಲ್ಲಿ ಒಂದು ಪದ್ಧತಿಯಿದೆ. ದಿನವೂ ಸಂಜೆ ತೆಪ್ಪಗಳನ್ನು ಒಣಗಲೆಂದು ಬೋರಲು ಹಾಕಿ, ಬೆಳಿಗ್ಗೆ ಎತ್ತಿ ನೀರಿಗಿಳಿಸುತ್ತಾರೆ. ಹನ್ನೊಂದರಲ್ಲಿ ಯಾವ ಮನೆಯಲ್ಲಿ ಸಾವಾದರೂ ಹುಟ್ಟುಗಳನ್ನು ತೆಪ್ಪದಡಿಗೆ ಸೇರಿಸಿಬಿಡುತ್ತಾರೆ, ಮೂರನೇ ದಿನದ ಕಾರ್ಯ ಮುಗಿಯುವ ತನಕ ಒಂದನ್ನೂ ಎತ್ತುವುದಿಲ್ಲ. ಇದು ನನಗೆ ಗೊತ್ತಿತ್ತು. ತಂಡದ ಮುಖ್ಯಸ್ಥರಿಗೆ ಫೋನ್ ಮಾಡಿ ಎರಡು ದಿನ ಮುಂದಕ್ಕೆ ಹಾಕಿ ಎಂದು ಬೇಡಿಕೊಂಡೆ.

“ಸ್ಟೇಟ್ ಲೆವೆಲ್ ಶೆಡ್ಯೂಲ್ ಮೇಡಂ, ನಿಮ್ಮೊಬ್ಬರಿಗೋಸ್ಕರ ಬದಲಾಯಿಸೋಕಾಗಲ್ಲ” ಎಂದರು.

ಆಮೇಲೆ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಸಾವಿನ ಮನೆಗೆ ಹೋಗಿ, ಹೆಂಗಸರ ಜೊತೆ ಅತ್ತು, ಹೊರಗೆ ಬಂದು ತಾತನನ್ನು ಕೇಳಿದೆ. “ತಾತಾ, ನಾಳೆ ಒಂದೇ ಒಂದು ತಾಸು ತೆಪ್ಪ ಎತ್ತಿ ನಿಲ್ಲಿಸ್ರಿ. ನೀರಿಗೆ ಇಳಿಸೋದು ಬ್ಯಾಡ.”

ಅವರು ಸಿಟ್ಟಾಗಲಿಲ್ಲ. “ನಿಮ್ಮ ಮನ್ಯಾಗ ಹೆಣ ಹೋದ ದಿನ ಒಲಿ ಹಚ್ತೀರೇನವ್ವಾ?” ಎಂದು ಕೇಳಿದರು.

ತಂಡ ಬಂತು. ಬಿಳಿ ಕಾರು, ತಂಪು ಕನ್ನಡಕ, ಕೈಯಲ್ಲಿ ಟ್ಯಾಬ್. ಬೋರಲು ಬಿದ್ದ ಹನ್ನೊಂದು ತೆಪ್ಪಗಳ ಫೋಟೋ ತೆಗೆದರು. “ಇವು ಓಡ್ತಿಲ್ವಾ?” ಎಂದು ಮುಖ್ಯಸ್ಥರು ಕೇಳಿದಾಗ ಸಾವಿನ ವಿಷಯ, ಪದ್ಧತಿಯ ವಿಷಯ ಎಲ್ಲವನ್ನೂ ಬಿಡಿಸಿ ಹೇಳಿದೆ. “ಓ, ಇಂಟರೆಸ್ಟಿಂಗ್” ಎಂದರು. ಅದೇ ಮಾತನ್ನು ಅವರು ದಂಡೆಯ ಬಂಡೆಗಳ ಬಗ್ಗೆಯೂ, ಎಮ್ಮೆಗಳ ಬಗ್ಗೆಯೂ ಹೇಳಿದ್ದರು. ಅಂಬಿಗರು ದೂರದಲ್ಲಿ ಕೈಕಟ್ಟಿ ನಿಂತಿದ್ದರು. ಒಬ್ಬರೂ ಮುಂದೆ ಬಂದು ಮಾತಾಡಲಿಲ್ಲ. ಸೂತಕದಲ್ಲಿ ಹೊರಗಿನವರ ಜೊತೆ ವ್ಯವಹಾರದ ಮಾತಾಡಬಾರದು.

ಹೊರಡುವ ಹೊತ್ತಿಗೆ ಮುಖ್ಯಸ್ಥರು ಇಂಗ್ಲಿಷಿನ ಎರಡು ಹಾಳೆ ಮುಂದೆ ಹಿಡಿದು, “ಲೋಕಲ್ ಪಾರ್ಟ್‌ನರ್ ಸೈನ್ ಬೇಕು” ಎಂದರು. ನನಗೆ ಇಂಗ್ಲಿಷ್ ಬರುತ್ತದೆ. ಕನ್ನಡಕವೂ ಚೀಲದಲ್ಲಿತ್ತು. ಆದರೆ ಹಿಂದೆ ಸಾವಿನ ಮನೆಯಿಂದ ಅಳು ಕೇಳುತ್ತಿತ್ತು. ಅಲ್ಲಿ ನಿಂತು ಕಾಗದ ಓದುತ್ತಾ, ಇದೇನು ಅದೇನು ಎಂದು ವಾದ ಮಾಡುವುದು ಮರ್ಯಾದೆಯಲ್ಲ ಎಂದುಕೊಂಡೆ. ಬೇಗ ಕಳಿಸಿಬಿಡೋಣ ಎಂದು ಸಹಿ ಹಾಕಿದೆ.

ಮುಂದಿನ ಸಭೆಯಲ್ಲಿ ಪರದೆಯ ಮೇಲೆ ಆ ಫೋಟೋ ಬಂತು. ಕೆಳಗೆ ‘ಪುನಶ್ಚೇತನಕ್ಕೆ ಕಾದಿರುವ ನದಿತೀರ’ ಎಂದು ಬರೆದಿತ್ತು. ಬಳಕೆಯಲ್ಲಿಲ್ಲದ ಆ ದಂಡೆಯನ್ನು ಹೊರಗಿನ ಒಂದು ಪಾಲುದಾರ ಕಂಪನಿಗೆ ವಹಿಸಲಾಗಿದೆ, ಪ್ಲಾಸ್ಟಿಕ್ ಕಯಾಕ್ ದೋಣಿಗಳು ಬರುತ್ತವೆ ಎಂದು ಮುಖ್ಯಸ್ಥರು ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ನಾನು ಎದ್ದು ನಿಂತು ಕೂಗಾಡಿದೆ. ಹೆಣ ಹೋದ ಮನೆಯ ಫೋಟೋ ತೆಗೆದು ಪಾಳುಮನೆ ಅಂತೀರೇನ್ರಿ, ನಿಮಗೆ ಕಣ್ಣಿಲ್ಲೇನ್ರಿ ಎಂದೆ. ಅವರು ಸ್ವಲ್ಪವೂ ದನಿ ಏರಿಸದೆ ಹಾಳೆ ತೆಗೆದು ತೋರಿಸಿದರು. ‘ತೆಪ್ಪಗಳು ಬಳಕೆಯಲ್ಲಿಲ್ಲ, ನಡೆಸುವವರಿಲ್ಲ’ ಎಂಬ ಸಾಲಿನ ಕೆಳಗೆ ನನ್ನ ಸಹಿ ಇತ್ತು.

ವಾರ ಕಳೆಯುವುದರೊಳಗೆ ದಂಡೆಗೆ ತಂತಿಬೇಲಿ ಬಿತ್ತು. ತೆಪ್ಪ ಇಳಿಸಿದರೆ ಕೇಸು ಎಂಬ ಬೋರ್ಡು ನೆಟ್ಟರು. ಹನ್ನೊಂದು ಮನೆಯ ಗಂಡಸರು ಬೇರೆಯವರ ಗದ್ದೆಗಳಲ್ಲಿ ನಾಟಿ ಕೆಲಸಕ್ಕೆ ಹೊರಟರು. ನಾನು ಕಚೇರಿಯಿಂದ ಕಚೇರಿಗೆ ಅಲೆದೆ. ಹೋದಲ್ಲೆಲ್ಲ ಕುರ್ಚಿ ಹಾಕಿ, ಟೀ ಕೊಟ್ಟು, ಸಹಭಾಗಿತ್ವದ ಮಹತ್ವ ಹೇಳಿ ಕಳಿಸಿದರು. ಆ ಟೀ ಕುಡಿದದ್ದಕ್ಕೂ ನನಗೆ ನನ್ನ ಮೇಲೆ ಸಿಟ್ಟಿದೆ.

ಕೊನೆಗೆ ಹೊಸಪೇಟೆಯ ಒಬ್ಬ ವಕೀಲೆ ಕಾಗದಗಳನ್ನೆಲ್ಲ ನೋಡಿ, ದಾರಿ ಒಂದೇ ಎಂದರು. ಅಂಬಿಗರ ಪರವಾಗಿ ತಾತ ಮೇಲ್ಮನವಿ ಕೊಡಬೇಕು. ಅದರಲ್ಲಿ ನಾನು ಆ ಹಾಳೆಯನ್ನು ಓದದೆ ಸಹಿ ಹಾಕಿದೆ ಎಂದು ಸ್ಪಷ್ಟವಾಗಿ ಬರೆಯಬೇಕು. ಹೆಬ್ಬೆಟ್ಟು ಒತ್ತುವವರಿಗೆ ಮೊದಲು ಅಷ್ಟನ್ನೂ ಓದಿ ಹೇಳಬೇಕು.

ಓದಿ ಹೇಳುವ ಕೆಲಸ ನನ್ನ ಪಾಲಿಗೇ ಬಂತು. ಆ ಹಾಳೆಯ ಸುದ್ದಿ ದಂಡೆಗೂ ಮುಟ್ಟಿತ್ತು, ಆದರೂ ಮೂರು ತಿಂಗಳಿಂದ ತಾತ ಅದರ ಬಗ್ಗೆ ನನ್ನನ್ನು ಒಂದು ಮಾತೂ ಕೇಳಿರಲಿಲ್ಲ, ನಾನೂ ಬಾಯಿಬಿಟ್ಟಿರಲಿಲ್ಲ. ಅವರ ಮನೆಯ ಕಟ್ಟೆಯ ಮೇಲೆ ಕುಳಿತು ಮೊದಲ ಸಾಲಿನಿಂದ ಓದುತ್ತಾ ಬಂದೆ. ನಾನು ಓದದೆ ಸಹಿ ಹಾಕಿದೆ ಎಂಬ ಸಾಲನ್ನೂ ಬಿಡದೆ ಓದಿದೆ. ತಾತ ಪೂರ್ತಿ ಕೇಳಿದರು. ಹೆಬ್ಬೆಟ್ಟು ಒತ್ತಿದರು. ಬೆರಳಿನ ಮಸಿಯನ್ನು ಪಂಚೆಗೆ ಒರೆಸಿಕೊಂಡು ನನ್ನ ಮುಖ ನೋಡದೆ ಹೇಳಿದರು:

“ಇದನ್ನ ಮೊದ್ಲಾ ಹೇಳಬೇಕಿತ್ತವ್ವಾ. ಆಕಿ ಓದದಂಗ ಸೈನ್ ಹಾಕಾಕಿ ಅಲ್ಲ, ಆ ಕಾರಿನವರೇ ಆಮ್ಯಾಲ ಆ ಸಾಲು ಬರ್ಕೊಂಡಾರ ಅಂತ ನಿನ್ನ ಸಲುವಾಗಿ ಹತ್ತು ಮನಿ ಮಂದಿ ಕೂಡ ಜಗಳಾಡೀನಿ. ಈಗ ಅವರ್ಯಾರೂ ನಮ್ಮ ಮನಿಗೆ ಬರಂಗಿಲ್ಲ.”