ಗದ್ದೆ ಒಣಗಿಸಿದ ಸೊಸೆ

ಬೆಳಕು ಹರಿಯುವ ಮುನ್ನವೇ ಅವಳು ಗದ್ದೆಯ ಬದುವಿನ ಮೇಲೆ ಹಾಜರು. ಹೆಗಲ ಮೇಲೆ ಗುದ್ದಲಿ, ಕಾಲಿಗೆ ಕೆಸರೇ ಚಪ್ಪಲಿ. ಭತ್ತದ ಪೈರಿನ ನಡುವೆ ಹೂತಿಟ್ಟ ತೂತು ಕೊಳವೆಯೊಳಗೆ ಕೈ ಇಳಿಸುತ್ತಾಳೆ. ನೀರು ಮಣ್ಣಿನ ಮಟ್ಟದಿಂದ ಅವಳ ಪುಟ್ಟ ಕೈಯ ಒಂದು ಗೇಣು ಕೆಳಗಿಳಿದಿದ್ದರೆ ಮಾತ್ರ ತೂಬು ತೆರೆಯುತ್ತದೆ. "ಇವತ್ತು ನಿಂಗೆ ಬೇಡ, ಸುಮ್ನಿರು" ಎಂದು ಹಟಮಾರಿ ಮಗುವಿಗೆ ಹೇಳುವಂತೆ ಗದ್ದೆಗೆ ಹೇಳಿ ಮುಂದಿನ ಬದುವಿಗೆ ನಡೆಯುತ್ತಾಳೆ.

ಊರಿಗೆಲ್ಲ ಅವಳು ತೂಬಕ್ಕ. ಒಂದು ಸಣ್ಣ ಕಾಲುವೆಯ ನೀರನ್ನು ನಲವತ್ತು ಮನೆಗಳ ತುಂಡು ಗದ್ದೆಗಳಿಗೆ ಹಂಚುವುದು ಅವಳ ಕೆಲಸ. ಮಾವನ ಮಂಡಿಗಳು ಕೈಕೊಟ್ಟ ಮೇಲೆ ಗುದ್ದಲಿ ಸೊಸೆಯ ಹೆಗಲೇರಿತು.

ಎರಡು ವರ್ಷದ ಹಿಂದೆ ಕೃಷಿ ಇಲಾಖೆಯವರು ಸಭೆ ಕರೆದರು. ಸದಾ ನೀರು ನಿಂತ ಗದ್ದೆಯಲ್ಲಿ ಹುಲ್ಲು ಕೊಳೆತು ಮೀಥೇನ್ ಎಂಬ ಅನಿಲ ಏಳುತ್ತದೆ, ಭೂಮಿಯ ಬಿಸಿ ಏರಿಸುತ್ತದೆ, ನಡುನಡುವೆ ಒಣಗಲು ಬಿಟ್ಟರೆ ಅದು ಅರ್ಧಕ್ಕಿಳಿಯುತ್ತದೆ ಎಂದರು. ಅಂಗೈಯಗಲದ ಗದ್ದೆಯಿಂದ ಭೂಮಿ ಬಿಸಿಯಾಗುವುದೇ ಎಂದು ಊರು ನಕ್ಕಿತು. ತೂಬಕ್ಕ ನಗಲಿಲ್ಲ.

"ಕಾಲಿಟ್ಟಲ್ಲೆಲ್ಲ ಗುಳ್ಳೆ ಏಳೋದನ್ನ ದಿನಾ ನೋಡ್ತಿದ್ದೆ. ಏನು ಅಂತ ಗೊತ್ತಿರಲಿಲ್ಲ ಅಷ್ಟೆ. ಗೊತ್ತಾದ್ಮೇಲೆ ಸುಮ್ನಿರೋಕಾಗುತ್ತಾ?" ಎನ್ನುತ್ತಾಳೆ. ತನ್ನದೇ ಗದ್ದೆಯನ್ನು ಎರಡು ಬೆಳೆಯ ಪರೀಕ್ಷೆಗೆ ಒಡ್ಡಿದಳು. ಬೆಳೆ ಕಡಿಮೆಯಾದರೆ ತೂಬಿನ ಕೆಲಸ ಬಿಡುವುದಾಗಿ ಊರಿಗೆ ಮಾತು ಕೊಟ್ಟಳು.

ಗದ್ದೆ ಬಿರುಕು ಬಿಟ್ಟಿತು. 'ಗದ್ದೆ ಒಣಗಿಸಿದ ಸೊಸೆ' ಎಂದು ಊರು ಆಡಿಕೊಂಡಿತು. ಅದನ್ನು ಕೇಳಿ ಅತ್ತೆಯ ಜೀವ ತಡೆಯಲಿಲ್ಲ. ಸೊಸೆ ಕಾಲುವೆಯ ಕೊನೆಗೆ ಹೋದ ಹೊತ್ತು ನೋಡಿ ತೂಬು ತೆರೆದು ಬದು ಮುಟ್ಟುವಷ್ಟು ನೀರು ತುಂಬಿಸಿಬಿಟ್ಟರು. ಒಂದು ಸಲವಲ್ಲ, ಬೆಳೆ ಮುಗಿಯುವವರೆಗೂ. ಮೇಲಿನ ಗದ್ದೆಯಿಂದ ಬಸಿದು ಬಂದ ನೀರೆಂದೇ ಸೊಸೆ ಅಂದುಕೊಂಡಳು.

"ಪೈರು ಬಾಯಾರಿ ನನ್ನೇ ನೋಡ್ತಿತ್ತು. ಬಂದ ನೆಂಟರಿಗೂ ನೀರು ಕೊಡ್ತೀವಿ, ಇದಕ್ಕೆ ಬೇಡ್ವಾ?" ಅತ್ತೆಯ ದನಿಯಲ್ಲಿ ಈಗಲೂ ಪಶ್ಚಾತ್ತಾಪ ಅಷ್ಟಾಗಿ ಕಾಣುವುದಿಲ್ಲ.

ಇಲಾಖೆಯವರು ಅನಿಲ ಹಿಡಿಯುವ ಪೆಟ್ಟಿಗೆಯಿಟ್ಟು ಅಳೆದಾಗ ಅದು ಒಂದಿಷ್ಟೂ ತಗ್ಗಿರಲಿಲ್ಲ. ಅತ್ತೆ ಆಗ ಬಾಯಿಬಿಟ್ಟರು. ಸೊಸೆಗೆ ಇನ್ನೊಂದೇ ಬೆಳೆಯ ಅವಕಾಶ ಉಳಿಯಿತು. ಅವಳು ಜಗಳಕ್ಕೆ ಹೋಗಲಿಲ್ಲ. ಮುಂದಿನ ಬೆಳೆಯಲ್ಲಿ ಗದ್ದೆ ಬಿರುಕು ಬಿಟ್ಟ ದಿನ ಅತ್ತೆಯ ಕೈಹಿಡಿದು ಕರೆದೊಯ್ದು, ತಮ್ಮ ಗದ್ದೆಯದೊಂದು, ಪಕ್ಕದ ನೀರುಗದ್ದೆಯದೊಂದು ಬುಡವನ್ನು ಅಗೆದು ತೋರಿಸಿದಳು. ನೀರಿನಲ್ಲಿದ್ದ ಬೇರು ಕಪ್ಪಗೆ, ಗಿಡ್ಡಗೆ ಇತ್ತು. ಒಣಮಣ್ಣಿನ ಬೇರು ಬೆಳ್ಳಗೆ ಆಳಕ್ಕಿಳಿದಿತ್ತು. ಅತ್ತೆ ಎರಡನ್ನೂ ಮೂಸಿ ನೋಡಿದರು. ಮರುದಿನದಿಂದ ಕೋಲು ಹಿಡಿದು ತೂಬಿನ ಪಕ್ಕ ಕೂತರು. ಕನಿಕರದಿಂದ ನೀರು ಬಿಡಲು ಬಂದ ಮಾವನಿಗೂ ಬೈಗುಳ ತಪ್ಪಲಿಲ್ಲ.

ಒಕ್ಕಣೆಯಲ್ಲಿ ಭತ್ತ ಎಂದಿನಷ್ಟೇ ಬಂತು, ಒಂದು ಬುಟ್ಟಿ ಹೆಚ್ಚೇ. ಅನಿಲ ಅರ್ಧಕ್ಕಿಳಿದಿತ್ತು. ಉಳಿದ ನೀರು ವರ್ಷಗಳಿಂದ ಬೀಳು ಬಿದ್ದಿದ್ದ ಕಾಲುವೆ ಕೊನೆಯ ಗದ್ದೆಯೊಂದನ್ನು ಮುಟ್ಟಿತು. ಸಭೆಯಲ್ಲಿ ತಾವೂ ಹೀಗೇ ಗದ್ದೆ ಒಣಗಿಸುತ್ತೇವೆಂದು ನಲವತ್ತು ಮನೆಯವರೂ ಕೈಯೆತ್ತಿದರು. ಎಲ್ಲರಿಗಿಂತ ಮೊದಲು ಎತ್ತಿದವರು ಅಂದು ಎಲ್ಲರಿಗಿಂತ ಜೋರಾಗಿ ನಕ್ಕವರೇ.

ಈಗ ಪಕ್ಕದ ಊರಿನವರೂ ನೋಡಲು ಬರುತ್ತಾರೆ. "ನಂಗೆ ಹೊಗಳಿಕೆ ಗಿಗಳಿಕೆ ಬೇಡ. ಅವರ ಗದ್ದೇಲೂ ಗುಳ್ಳೆ ನಿಂತರೆ ಸಾಕು" ಎನ್ನುತ್ತಾ ತೂಬಕ್ಕ ಕೊಳವೆಗೆ ಕೈ ಇಳಿಸುತ್ತಾಳೆ. ಬಿರುಕು ಕಂಡು ಬಂದವರ ಮುಖ ಸಪ್ಪಗಾಗುತ್ತದೆ. ಅತ್ತೆ ಕೋಲೂರಿ ಎದ್ದು ನಿಲ್ಲುತ್ತಾರೆ.

"ಹೆದರ್ಬೇಡಿ, ಪೈರಿಗೆ ಬಾಯಾರಿಲ್ಲ. ಗದ್ದೆ ಒಣಗಿಸಿದ ಸೊಸೆ ಅಂತಾರಲ್ಲ, ಅವಳು ನಮ್ಮನೆಯವಳೇ."